ಅಳೆಯುವವರೇ ರಿಪೇರಿಯನ್ನೂ ಮಾಡಬಹುದೇ? ರೇಡಾನ್ ಮತ್ತು ಒಳಾಂಗಣ ಗಾಳಿ ಕೆಲಸದ ನೀತಿ ನಿಯಮಗಳ ಚರ್ಚೆ

ಒಳಗಾಳಿ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ರೇಡಾನ್ (ಮಣ್ಣಿನಿಂದ ಮನೆಯೊಳಗೆ ಬರುವ, ಶ್ವಾಸಕೋಶ ಕ್ಯಾನ್ಸರ್ ತರಬಲ್ಲ ವಿಕಿರಣಶೀಲ ಅನಿಲ) ಮತ್ತು ಒಳಾಂಗಣ ಗಾಳಿ ಪರೀಕ್ಷೆ ಮಾಡುವ ಸಣ್ಣ ತಂಡಕ್ಕೆ ನೀತಿ ಸಂಹಿತೆ ಬರೆಯುತ್ತಿದ್ದೇವೆ. "ಪ್ರಾಮಾಣಿಕವಾಗಿ ಕೆಲಸ ಮಾಡತಕ್ಕದ್ದು" ಅಂತ ಬರೆದು ಗೋಡೆಗೆ ತಗುಲಿಹಾಕಿದರೆ ಯಾರಿಗೂ ಉಪಯೋಗವಿಲ್ಲ. ಡಿಟೆಕ್ಟರ್ ಕೈಲಿ ಹಿಡಿದು ಮನೆಯೊಳಗೆ ಹೋದವನಿಗೆ ಏನು ಮಾಡಬೇಕು, ಏನು ಮಾಡಬಾರದು ಅಂತ ತಿಳಿಯಬೇಕು. ತಂಡದಲ್ಲಿ ಒಮ್ಮತ ಬಾರದ ಪ್ರಶ್ನೆಗಳು ಇವು:

1. ರೇಡಾನ್ ಅಳೆದ ಸಂಸ್ಥೆಯೇ ಅದನ್ನು ಕಡಿಮೆ ಮಾಡುವ ಕೆಲಸವನ್ನೂ (ನೆಲದಡಿಯ ಗಾಳಿಯನ್ನು ಪೈಪು, ಫ್ಯಾನ್ ಹಾಕಿ ಹೊರಗೆ ಎಳೆಯುವ ರಿಪೇರಿ) ಹಿಡಿಯಬಹುದೇ?

2. ಮನೆ ಮಾರಾಟದ ಗಡಿಬಿಡಿಯಲ್ಲಿ "24 ಗಂಟೆ ಇಟ್ಟು ಒಂದು ನಂಬರ್ ಕೊಡಿ ಸಾಕು" ಅಂತ ಕೇಳಿದರೆ ಏನು ಹೇಳಬೇಕು?

3. ಮಿತಿಗಿಂತ ಸ್ವಲ್ಪ ಕೆಳಗೆ ಬಂದರೆ ವರದಿಯಲ್ಲಿ "ಸುರಕ್ಷಿತ" ಅಂತ ಬರೆಯಬಹುದೇ?

4. ದುಡ್ಡು ಕೊಟ್ಟವರು ಒಬ್ಬರು, ಆ ಗಾಳಿ ಉಸಿರಾಡುವವರು ಇನ್ನೊಬ್ಬರು. ವರದಿ ಯಾರ ಕೈಗೆ?

ಅನುಭವ ಇರುವವರು ದಯವಿಟ್ಟು ಬಿಡಿಸಿ ಹೇಳಿ.

ಪೈಪು_ಫ್ಯಾನು

1ಕ್ಕೆ ಉತ್ತರ: ಮಾಡಬಹುದು, ಮುಚ್ಚಿಡದೆ ಮಾಡಬೇಕು ಅಷ್ಟೇ. ಎಷ್ಟೋ ಕಡೆ ಈ ಕೆಲಸ ಗೊತ್ತಿರುವುದೇ ಒಂದು ಸಂಸ್ಥೆಗೆ. ಅಳೆದವರು ರಿಪೇರಿ ಮಾಡಕೂಡದು ಅಂದರೆ ಮನೆಯವರು ವರದಿ ಹಿಡಿದುಕೊಂಡು ಅದೇ ಗಾಳಿಯಲ್ಲಿ ಕೂರಬೇಕಾಗುತ್ತದೆ.

ಆಲ್ಫಾ_ಜಾಡು

ಪೈಪು_ಫ್ಯಾನು ಅವರೇ, ಇದನ್ನು ಒಪ್ಪುವುದು ಕಷ್ಟ. ಅಮೆರಿಕದ ಮಿತಿ ಘನ ಮೀಟರಿಗೆ 148 ಬೆಕೆರೆಲ್ (ವಿಕಿರಣದ ಅಳತೆ). 160 ಬಂದರೆ ನಿಮಗೆ ಕೆಲಸ ಇದೆ, 130 ಬಂದರೆ ಇಲ್ಲ. ಡಿಟೆಕ್ಟರನ್ನು ನೆಲದ ಬಿರುಕಿನ ಪಕ್ಕ ಇಡುವುದೋ ಕೋಣೆ ನಡುವೆ ಇಡುವುದೋ ಎನ್ನುವುದೂ ನಿಮ್ಮ ಕೈಯಲ್ಲೇ ಇದೆ. ಯಾರೂ ಸುಳ್ಳು ಹೇಳದಿದ್ದರೂ ಕೈ ಒಂದು ಕಡೆ ವಾಲುತ್ತದೆ.

ಬೂಷ್ಟಿನ ಕೆಲಸದಲ್ಲಿ ಕೆಲವು ಕಡೆ ಕಾನೂನೇ ಇದನ್ನು ತಡೆದಿದೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2016ರಿಂದ ಒಂದೇ ಕಟ್ಟಡದ ಬೂಷ್ಟಿನ ಪರಿಶೀಲನೆ ಮತ್ತು ತೆರವು ಎರಡನ್ನೂ ಒಬ್ಬರೇ ಮಾಡುವಂತಿಲ್ಲ. ರೇಡಾನ್‌ಗೆ ಮಾತ್ರ ಏಕೆ ಸಡಿಲ?

ಲ್ಯಾಬ್_ಮೇಜು

ಇಬ್ಬರೂ ಹೇಳುವುದರಲ್ಲಿ ಹುರುಳಿದೆ. ಆದರೆ ಮೊದಲ ಅಳತೆಗೂ ರಿಪೇರಿಯ ನಂತರದ ಅಳತೆಗೂ ವ್ಯತ್ಯಾಸ ಮಾಡಿ ನೋಡಿ.

ಫ್ಯಾನ್ ಹಾಕಿದವನು ತನ್ನ ಕೆಲಸ ನೆಟ್ಟಗಿದೆಯೇ ಅಂತ ತಾನೇ ನೋಡಿಕೊಳ್ಳುವುದು ಸರಿ, ನೋಡಲೇಬೇಕು. ಆದರೆ "ಮಟ್ಟ ಇಳಿದಿದೆ" ಎನ್ನುವ ಅಧಿಕೃತ ಸಂಖ್ಯೆ ಅವನಿಂದ ಬರಬಾರದು. ಬೇರೆ ಸಂಸ್ಥೆ ಇಲ್ಲದ ಕಡೆಯೂ ದಾರಿ ಇದೆ. ಮನೆಯವರೇ ಪ್ರಯೋಗಾಲಯದಿಂದ ಇದ್ದಿಲು ಡಬ್ಬಿಯನ್ನೋ (ರೇಡಾನ್ ಹೀರಿಕೊಳ್ಳುವ, ಕೆಲವೇ ದಿನ ಇಡುವ ಡಬ್ಬಿ) ಆಲ್ಫಾ ಟ್ರ್ಯಾಕ್ ಡಿಟೆಕ್ಟರನ್ನೋ (ತಿಂಗಳುಗಟ್ಟಲೆ ಇಡಬಹುದಾದದ್ದು) ತರಿಸಿಕೊಂಡು, ತಾವೇ ಇಟ್ಟು, ತಾವೇ ಮುಚ್ಚಿ ಕಳಿಸಲಿ. ಫಲಿತಾಂಶ ಲ್ಯಾಬಿನಿಂದ ನೇರವಾಗಿ ಅವರಿಗೇ ಬರಲಿ. ರಿಪೇರಿ ಮಾಡಿದವರ ಕೈ ಮಧ್ಯೆ ಬರುವುದೇ ಇಲ್ಲ.

ಸಂಹಿತೆಗೆ ಸೇರಿಸಬಹುದಾದ ವಾಕ್ಯ: "ಅಳತೆ ಮತ್ತು ರಿಪೇರಿ ಎರಡನ್ನೂ ನಾವೇ ಮಾಡುವುದಿದ್ದರೆ, ಅಳತೆಗೆ ಮುಂಚೆಯೇ ಅದನ್ನು ಲಿಖಿತವಾಗಿ ತಿಳಿಸುತ್ತೇವೆ. ರಿಪೇರಿ ನಂತರದ ಪರೀಕ್ಷೆಯನ್ನು ನಮಗೆ ಸಂಬಂಧವಿಲ್ಲದವರಿಂದ ಮಾಡಿಸಿಕೊಳ್ಳುವ ದಾರಿ ತೋರಿಸುತ್ತೇವೆ." ಕೆಲಸ ಕಳಿಸಿಕೊಟ್ಟದ್ದಕ್ಕೆ ಕಮಿಷನ್ ಕೊಡುವುದು, ತೆಗೆದುಕೊಳ್ಳುವುದು ಎರಡೂ ಇರಬಾರದು. ಮನೆ ದಲ್ಲಾಳಿಗಳಿಗಂತೂ ಖಂಡಿತ ಬೇಡ.

ಪೈಪು_ಫ್ಯಾನು

ಕಮಿಷನ್ ಬೇಡ, ಒಪ್ಪಿದೆ. ನಂತರದ ಪರೀಕ್ಷೆ ಬೇರೆಯವರಿಂದ, ಅದೂ ಸರಿ. ಮೊದಲ ಅಳತೆಗೆ ನಿಷೇಧ ಬೇಡ ಎನ್ನುವ ಮಾತಿಗೆ ಈಗಲೂ ಬದ್ಧ.

ಗಂಟೆ_ಗ್ರಾಫ್

2ನೇ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ. ಹೆಚ್ಚಿನ ಎಡವಟ್ಟು ಆಗುವುದು ಇಲ್ಲೇ.

ಅಮೆರಿಕದ ಇಪಿಎ (ಪರಿಸರ ಸಂರಕ್ಷಣಾ ಸಂಸ್ಥೆ) ಪದ್ಧತಿಯಲ್ಲಿ ಅಲ್ಪಾವಧಿ ಪರೀಕ್ಷೆಗೆ ಕನಿಷ್ಠ 48 ಗಂಟೆ. ನಿರಂತರ ಮಾಪಕದಲ್ಲಿ (ಗಂಟೆಗಂಟೆಗೂ ಓದು ದಾಖಲಿಸುವ ಉಪಕರಣ) ಮೊದಲ ನಾಲ್ಕು ಗಂಟೆ ಬಿಟ್ಟರೂ ಸತತ 44 ಗಂಟೆಯ ದತ್ತಾಂಶ ಉಳಿಯಬೇಕು. ರೇಡಾನ್ ದಿನವಿಡೀ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ರಾತ್ರಿ ಹೊರಗೆ ತಣ್ಣಗಾದಾಗ ಮನೆಯೊಳಗಿನ ಬೆಚ್ಚನೆ ಗಾಳಿ ಮೇಲೇರಿ ಹೋಗಿ, ಕೆಳಗೆ ನೆಲದಿಂದ ಮಣ್ಣಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮಧ್ಯಾಹ್ನ ಇಳಿಯುತ್ತದೆ. ವಾಯುಭಾರ ಕುಸಿದರೆ, ಜೋರು ಗಾಳಿ ಬೀಸಿದರೆ, ಮಣ್ಣು ನೆನೆದರೆ ಮತ್ತೆ ಬದಲು. ಒಂದೇ ದಿನದ ಸರಾಸರಿ ಆ ಒಂದು ದಿನದ ಹವಾಮಾನಕ್ಕೆ ಅಂಟಿಕೊಂಡಿರುತ್ತದೆ.

ಕಾಲಾವಧಿಯಷ್ಟೇ ಮುಖ್ಯವಾದದ್ದು ಮುಚ್ಚಿದ ಮನೆಯ ಷರತ್ತು. ನಾಲ್ಕು ದಿನಕ್ಕಿಂತ ಕಡಿಮೆ ಅವಧಿಯ ಪರೀಕ್ಷೆ ಆದರೆ ಶುರುವಿಗೆ 12 ಗಂಟೆ ಮುಂಚಿನಿಂದಲೇ ಕಿಟಕಿ, ಹೊರಬಾಗಿಲು ಮುಚ್ಚಿರಬೇಕು. ಓಡಾಡಲು ಬಾಗಿಲು ತೆಗೆದು ಹಾಕಬಹುದು. ಇಡೀ ಮನೆಯ ಗಾಳಿ ಹೊರದೂಡುವ ದೊಡ್ಡ ಫ್ಯಾನ್ ಬೇಡ. ಮನೆಯಲ್ಲಿ ಮೊದಲೇ ರೇಡಾನ್ ಫ್ಯಾನ್ ಇದ್ದರೆ ಅದು ಓಡುತ್ತಲೇ ಇರಬೇಕು.

ಈ 12 ಗಂಟೆಗೂ ಲೆಕ್ಕ ಇದೆ. ಮನೆಯ ಗಾಳಿ ಗಂಟೆಗೆ 0.25 ಸಲ ಬದಲಾಗುತ್ತದೆ ಅಂದುಕೊಳ್ಳಿ. ಕಿಟಕಿ ಮುಚ್ಚಿದ 12 ಗಂಟೆಯಲ್ಲಿ ರೇಡಾನ್ ತನ್ನ ಸ್ಥಿರ ಮಟ್ಟದ ಶೇ. 95ರಷ್ಟು ಏರಿರುತ್ತದೆ. ಬಿಗಿಯಾಗಿ ಕಟ್ಟಿದ ಹೊಸ ಮನೆಯಲ್ಲಿ ಗಾಳಿ ಬದಲಾವಣೆ ಗಂಟೆಗೆ 0.1 ಸಲ ಇದ್ದರೆ ಅಷ್ಟೇ ಹೊತ್ತಿಗೆ ಶೇ. 70ರ ಆಸುಪಾಸು ಮಾತ್ರ. ಹಾಗಾಗಿ 12 ಎನ್ನುವುದು ಕನಿಷ್ಠ. ಬಿಗಿ ಮನೆಗೆ ಹಿಂದಿನ ದಿನವೇ ಮುಚ್ಚಿಸಿ.

24 ಗಂಟೆ ಕೇಳುವವರಿಗೆ ಹೇಳಬೇಕಾದ್ದು ಇಷ್ಟು: "ಅದು ಪರೀಕ್ಷೆಯ ಲೆಕ್ಕಕ್ಕೆ ಬರುವುದಿಲ್ಲ, ನಮ್ಮ ಹೆಸರಿನಲ್ಲಿ ವರದಿ ಹೊರಡುವುದಿಲ್ಲ." ವಾದ ಬೆಳೆಸುವುದು ಬೇಡ. ಗಡುವು ಮುಖ್ಯವಾದರೆ ರೇಡಾನ್ ರಿಪೇರಿಗೆಂದು ಒಂದು ಮೊತ್ತ ತೆಗೆದಿಟ್ಟು ವ್ಯವಹಾರ ಮುಗಿಸಿಕೊಳ್ಳಿ, ದೀರ್ಘ ಪರೀಕ್ಷೆ ಆಮೇಲೆ ಮಾಡಿಸಿ ಅಂತ ಸಲಹೆ ಕೊಡಬಹುದು.

ತೊಂಬತ್ತೊಂದು

48 ಗಂಟೆ ಮಾತ್ರ ಏನು ಮಹಾ? ಕೆನಡಾದ ಆರೋಗ್ಯ ಇಲಾಖೆ ಮನೆಗಳಿಗೆ ಕನಿಷ್ಠ 91 ದಿನದ ಪರೀಕ್ಷೆ ಹೇಳುತ್ತದೆ, ಅದೂ ಮನೆ ಮುಚ್ಚಿರುವ ಚಳಿಗಾಲದ ತಿಂಗಳುಗಳಲ್ಲಿ. ನಮ್ಮ ಚರ್ಚೆಯೆಲ್ಲ ಮನೆ ಮಾರಾಟದ ಸುತ್ತ ಸುತ್ತುತ್ತಿರುವುದರಿಂದ ಎರಡು ದಿನದ ಅಳತೆಯೇ ಪರೀಕ್ಷೆ ಅನಿಸಿಬಿಟ್ಟಿದೆ. ಶ್ವಾಸಕೋಶಕ್ಕೆ ಲೆಕ್ಕ ಇರುವುದು ವರ್ಷಗಟ್ಟಲೆಯ ಸರಾಸರಿ.

ಗಂಟೆ_ಗ್ರಾಫ್

ಸರಿ, ದೀರ್ಘಾವಧಿಯೇ ಮೇಲು. ಆದರೆ ಎರಡು ದಿನದ ಪರೀಕ್ಷೆಯಲ್ಲಿ 900 ಬಂದರೆ 91 ದಿನ ಕಾಯಿರಿ ಅನ್ನುವುದೂ ತಪ್ಪೇ. ಇಪಿಎ ಪ್ರಕಾರ ಮೊದಲ ಸಂಖ್ಯೆ ಕ್ರಮದ ಮಟ್ಟಕ್ಕಿಂತ (ರಿಪೇರಿ ಮಾಡಿಸಿ ಅಂತ ಹೇಳುವ ಮಟ್ಟ, 148) ತೀರಾ ಹೆಚ್ಚಿದ್ದರೆ ತಕ್ಷಣ ಇನ್ನೊಂದು ಅಲ್ಪಾವಧಿ ಪರೀಕ್ಷೆ, ಗಡಿಯಲ್ಲಿದ್ದರೆ ದೀರ್ಘಾವಧಿ. ಯಾವುದಕ್ಕೆ ಯಾವುದು ಅಂತ ವರದಿಯಲ್ಲೇ ಬರೆಯಿರಿ.

ಆಲ್ಫಾ_ಜಾಡು

ಮಾರಾಟದ ಪರೀಕ್ಷೆಯಲ್ಲಿ ಕಿಟಕಿ ತೆರೆಯುವ ಕಾಟ ಬಗ್ಗೆ ಯಾರೂ ಹೇಳಲಿಲ್ಲ. ಇದ್ದಿಲು ಡಬ್ಬಿ ರೇಡಾನನ್ನು ಹಿಡಿಯುವಂತೆಯೇ ಬಿಟ್ಟೂ ಕೊಡುತ್ತದೆ. ಆದ್ದರಿಂದ ಕೊನೆಯ ದಿನದ ಗಾಳಿಗೆ ಅದರಲ್ಲಿ ತೂಕ ಜಾಸ್ತಿ. ಕೊನೆ ರಾತ್ರಿ ಕಿಟಕಿ ತೆರೆದಿಟ್ಟರೆ ಸಂಖ್ಯೆ ಬಿದ್ದುಹೋಗುತ್ತದೆ, ವರದಿಯಲ್ಲಿ ಸುಳಿವೇ ಸಿಗುವುದಿಲ್ಲ. ಮಾರಾಟದ ಕೆಲಸಕ್ಕೆ ಗಂಟೆಗೊಂದು ಓದು ಕೊಡುವ ನಿರಂತರ ಮಾಪಕವೇ ಬೇಕು.

ಗ್ರಾಫಿನಲ್ಲಿ ನೋಡಬೇಕಾದ್ದು: ರೇಡಾನ್ ದಿಢೀರನೆ ಪಾತಾಳಕ್ಕೆ ಇಳಿದ ಗಂಟೆಯಲ್ಲೇ ಉಷ್ಣಾಂಶ, ತೇವಾಂಶದ ಗೆರೆಗಳೂ ಹೊರಗಿನ ಹವೆಯ ಕಡೆ ಜಿಗಿದಿದ್ದರೆ ಕಿಟಕಿ ತೆರೆದಿದ್ದಾರೆ. ರೇಡಾನ್ ಮಾತ್ರ ನಿಧಾನವಾಗಿ ಇಳಿದು ವಾಯುಭಾರ ಏರಿದ್ದರೆ ಅದು ಹವಾಮಾನ. ಮಾಪಕದ ಅಲುಗಾಟ ದಾಖಲೆಯೂ ನೋಡಿ. ಇಡುವ ಮುಂಚೆ ಮನೆಯವರಿಂದ "ಪರೀಕ್ಷೆಗೆ ಅಡ್ಡಿ ಮಾಡುವುದಿಲ್ಲ" ಎನ್ನುವ ಪತ್ರಕ್ಕೆ ಸಹಿ ಹಾಕಿಸಿ.

ಹೊಸ_ಮಾಪಕ

ಅಡ್ಡಿ ಮಾಡಿದ್ದಾರೆ ಅಂತ ಅನುಮಾನ ಬಂದರೆ ವರದಿಯಲ್ಲಿ ಏನು ಬರೆಯಬೇಕು? ಆರೋಪ ಮಾಡಿದ ಹಾಗೆ ಆಗುವುದಿಲ್ಲವೇ?

ಲ್ಯಾಬ್_ಮೇಜು

ಕಂಡದ್ದನ್ನಷ್ಟೇ ಬರೆಯಿರಿ. "31ನೇ ಗಂಟೆಯಿಂದ 38ನೇ ಗಂಟೆವರೆಗೆ ಮೂರೂ ಓದುಗಳು ಒಟ್ಟಿಗೆ ಬದಲಾಗಿವೆ, ಮುಚ್ಚಿದ ಮನೆಯ ಷರತ್ತು ಪಾಲನೆಯಾಗಿಲ್ಲ ಎನ್ನಲು ಕಾರಣವಿದೆ, ಪರೀಕ್ಷೆ ಅಸಿಂಧು, ಮರುಪರೀಕ್ಷೆ ಬೇಕು." ಯಾರು ತೆರೆದರು, ಏಕೆ ತೆರೆದರು ಎನ್ನುವುದು ಮಾಪಕಕ್ಕೆ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಅಸಿಂಧು ಪರೀಕ್ಷೆಯ ಸರಾಸರಿಯನ್ನು ಮಾತ್ರ ಎಲ್ಲೂ ಕೊಡಬೇಡಿ. ಕೊಟ್ಟರೆ ಆ ಒಂದು ಸಂಖ್ಯೆ ಮಾತ್ರ ಕೈಯಿಂದ ಕೈಗೆ ಓಡಾಡುತ್ತದೆ.

ನೆಲದಿಂದ_ಐವತ್ತು

ಜಾಗದ ಬಗ್ಗೆಯೂ ಸಂಹಿತೆಯಲ್ಲಿ ಇರಲಿ. ಜನ ವಾಸ ಮಾಡುವ ಅತಿ ಕೆಳಗಿನ ಅಂತಸ್ತು. ನೆಲದಿಂದ ಕನಿಷ್ಠ 50 ಸೆಂ.ಮೀ. ಮೇಲೆ, ಹೊರಬಾಗಿಲು ಕಿಟಕಿಗಳಿಂದ 90 ಸೆಂ.ಮೀ. ದೂರ, ಹೊರಗೋಡೆಯಿಂದ 30, ಬೇರೆ ವಸ್ತುಗಳಿಂದ 10. ಅಡುಗೆಮನೆ, ಬಚ್ಚಲು, ಬಟ್ಟೆ ಒಗೆಯುವ ಕೋಣೆ ಬೇಡ. ಇಟ್ಟ ಮೇಲೆ ಎರಡು ಫೋಟೊ: ಒಂದು ಹತ್ತಿರದಿಂದ ಸೀರಿಯಲ್ ನಂಬರ್ ಕಾಣುವ ಹಾಗೆ, ಒಂದು ದೂರದಿಂದ ಕೋಣೆ ಕಾಣುವ ಹಾಗೆ. ತೆಗೆಯುವಾಗ ಮತ್ತೆ ಎರಡು. ಕೈ ಒಂದು ಕಡೆ ವಾಲುತ್ತದೆ ಅಂತ ಆಲ್ಫಾ_ಜಾಡು ಅವರು ಹೇಳಿದ ಸಮಸ್ಯೆಗೆ ಇದೇ ಅರ್ಧ ಪರಿಹಾರ.

ಆಲ್ಫಾ_ಜಾಡು

ಫೋಟೊ ಮಾತು ಚೆನ್ನಾಗಿದೆ. ಗೋಡೆಯಿಂದ ದೂರಕ್ಕೆ ಇನ್ನೊಂದು ಕಾರಣವೂ ಇದೆ: ಥೋರಾನ್, ಅಂದರೆ ರೇಡಾನಿನದೇ ಇನ್ನೊಂದು ರೂಪವಾದ ರೇಡಾನ್-220. ಅದರ ಅರ್ಧಾಯು 55.6 ಸೆಕೆಂಡು. ಗೋಡೆಯಿಂದ ಹೊರಟದ್ದು ಕೋಣೆ ನಡುವೆ ಬರುವಷ್ಟರಲ್ಲಿ ಬಹುತೇಕ ಮುಗಿದಿರುತ್ತದೆ. ಗೋಡೆಗೆ ಅಂಟಿಸಿ ಇಟ್ಟರೆ ಕೆಲವು ಮಾಪಕಗಳು ಅದನ್ನೂ ರೇಡಾನ್ ಅಂತಲೇ ಎಣಿಸಿಬಿಡುತ್ತವೆ.

ಗಡಿ_ರೇಖೆ

3ನೇ ಪ್ರಶ್ನೆ. "ಸುರಕ್ಷಿತ" ಎನ್ನುವ ಪದವನ್ನು ವರದಿಯಿಂದ ಪೂರ್ತಿ ತೆಗೆದುಹಾಕಿ. ಇದು ನನಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ.

ಇಪಿಎ ಕ್ರಮದ ಮಟ್ಟ ಘನ ಮೀಟರಿಗೆ 148 ಬೆಕೆರೆಲ್, ಅಂದರೆ ಲೀಟರಿಗೆ 4 ಪಿಕೋಕ್ಯೂರಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ್ದು 100. ಅದು ಆಗದ ಕಡೆಯೂ 300 ದಾಟಬಾರದು. ಬ್ರಿಟನ್, ಕೆನಡಾ 200. ಯುರೋಪ್ ಒಕ್ಕೂಟದ 2013ರ ನಿರ್ದೇಶನದ ಪ್ರಕಾರ ಗರಿಷ್ಠ 300. ದೇಹ ಒಂದೇ ಆದರೂ ಗೆರೆಗಳು ಬೇರೆ ಬೇರೆ, ಯಾಕೆಂದರೆ ಎಷ್ಟು ಮನೆ ರಿಪೇರಿ ಮಾಡಲು ಸಾಧ್ಯ, ಎಷ್ಟು ಖರ್ಚು ಎನ್ನುವುದನ್ನೂ ಸೇರಿಸಿ ಎಳೆದ ಗೆರೆಗಳು ಇವು. ಯುರೋಪಿನ 13 ಅಧ್ಯಯನಗಳ ದತ್ತಾಂಶವನ್ನು ಒಟ್ಟುಗೂಡಿಸಿ 2005ರಲ್ಲಿ ಬಂದ ವಿಶ್ಲೇಷಣೆಯಲ್ಲಿ, ದೀರ್ಘಕಾಲದ ಸರಾಸರಿ 100 ಬೆಕೆರೆಲ್ ಹೆಚ್ಚಿದಂತೆ ಶ್ವಾಸಕೋಶ ಕ್ಯಾನ್ಸರಿನ ಅಪಾಯ ಸುಮಾರು ಶೇ. 16ರಷ್ಟು ಏರುತ್ತದೆ ಅಂತ ಕಂಡಿತು. ಇದಕ್ಕಿಂತ ಕೆಳಗೆ ಏನೂ ಆಗದು ಎನ್ನುವ ಮಟ್ಟ ಅಲ್ಲಿ ಸಿಗಲಿಲ್ಲ. ಸಿಗರೇಟು ಸೇದುವವರಿಗೆ ಅದೇ ಶೇ. 16 ಮೊದಲೇ ಇರುವ ಬಹಳ ದೊಡ್ಡ ಅಪಾಯದ ಮೇಲೆ ಕೂರುತ್ತದೆ.

ಅಳತೆಯ ಅನಿಶ್ಚಿತತೆಯನ್ನೂ ಸೇರಿಸಿ ನೋಡಿ. 140 ಬಂದಿದೆ, ಮಾಪಕದ ಅನಿಶ್ಚಿತತೆ ಶೇ. 10 ಅಂದರೆ ನಿಜ 126 ಇರಬಹುದು, 154 ಇರಬಹುದು. 140ಕ್ಕೆ "ಪಾಸ್", 150ಕ್ಕೆ "ಫೇಲ್" ಅನ್ನುವ ವರದಿ ಗ್ರಾಹಕನಿಗೆ ಇಲ್ಲದ ನಿಖರತೆಯನ್ನು ಮಾರಿದ ಹಾಗೆ. ಹೀಗೆ ಬರೆಯಿರಿ: "ಅಳೆದ ಸರಾಸರಿ 140, ಅನಿಶ್ಚಿತತೆ ಇಷ್ಟು, ಕ್ರಮದ ಮಟ್ಟ 148. ಮಟ್ಟಕ್ಕಿಂತ ಕೆಳಗಿದ್ದರೂ ಅಪಾಯ ಇಲ್ಲವೆಂದಲ್ಲ. ದೀರ್ಘಾವಧಿ ಪರೀಕ್ಷೆ ಮಾಡಿಸಿ." 74ರಿಂದ 148ರ ನಡುವೆ ಬಂದರೂ ರಿಪೇರಿ ಯೋಚಿಸಿ ಅಂತ ಇಪಿಎಯೇ ಹೇಳುತ್ತದೆ, ಅದನ್ನೂ ಸೇರಿಸಿ.

ಪೈಪು_ಫ್ಯಾನು

ಗಡಿ_ರೇಖೆ, ಇದರಲ್ಲಿ ಇನ್ನೊಂದು ಮಗ್ಗುಲು ಇದೆ. 80 ಬಂದ ಮನೆಗೆ ಹೋಗಿ ಕ್ಯಾನ್ಸರ್ ಹೆಸರು ಹೇಳಿ ಹೆದರಿಸಿ ಫ್ಯಾನ್ ಹಾಕಿಸುವವರೂ ಇದ್ದಾರೆ. ಅಪಾಯ ವರ್ಷಗಟ್ಟಲೆಯದು, ರಾತ್ರೋರಾತ್ರಿ ಮನೆ ಬಿಡಬೇಕಾದ್ದಲ್ಲ ಅಂತ ಹೇಳುವುದೂ ನಮ್ಮ ಕರ್ತವ್ಯವೇ.

ಗಡಿ_ರೇಖೆ

ಪೂರ್ತಿ ಒಪ್ಪಿದೆ. "ಇವತ್ತೇ ಸಹಿ ಹಾಕಿದರೆ ರಿಯಾಯಿತಿ" ಎನ್ನುವ ಮಾತು ಈ ಕೆಲಸದಲ್ಲಿ ಇರಲೇಬಾರದು.

ಎಣಿಕೆ_ಖಾತೆ

ಸಂಹಿತೆಯಲ್ಲಿ ಗುಣಮಟ್ಟ ಪರೀಕ್ಷೆ ಇಲ್ಲದಿದ್ದರೆ ಉಳಿದದ್ದೆಲ್ಲ ಬರೀ ಮಾತು. ಲೆಕ್ಕ ಹೀಗೆ: ಹತ್ತು ಪರೀಕ್ಷೆಗೆ ಒಂದು ಜೋಡಿ, ಅಂದರೆ ಎರಡು ಡಿಟೆಕ್ಟರ್ ಪಕ್ಕಪಕ್ಕ 10 ಸೆಂ.ಮೀ. ಅಂತರದಲ್ಲಿ. ನೂರಕ್ಕೆ ಐದು ಬ್ಲ್ಯಾಂಕ್: ತೆರೆದು ತಕ್ಷಣ ಮುಚ್ಚಿ, ಉಳಿದವುಗಳ ಜೊತೆಯೇ ಗುರುತು ಸಿಗದಂತೆ ಲ್ಯಾಬಿಗೆ. ನೂರಕ್ಕೆ ಮೂರು ಸ್ಪೈಕ್: ಗೊತ್ತಿರುವ ಮಟ್ಟದ ರೇಡಾನ್ ಕೋಣೆಯಲ್ಲಿಟ್ಟು ತಂದದ್ದು. ನಿರಂತರ ಮಾಪಕಕ್ಕೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್.

ಜೋಡಿಯ ವ್ಯತ್ಯಾಸ ಹೇಗೆ ನೋಡುವುದು? 150 ಮತ್ತು 190 ಬಂದಿದೆ ಅಂದುಕೊಳ್ಳಿ. ಸರಾಸರಿ 170, ವ್ಯತ್ಯಾಸ 40, ಶೇ. 23.5. ಎಚ್ಚರಿಕೆಯ ಗೆರೆ ಶೇ. 28, ಹಾಗಾಗಿ ನಡೆಯುತ್ತದೆ, ಖಾತೆಯಲ್ಲಿ ಬರೆದಿಡಿ. 150 ಮತ್ತು 220 ಬಂದರೆ ಶೇ. 37.8. ಶೇ. 36ರ ನಿಯಂತ್ರಣ ಗೆರೆ ದಾಟಿತು. ಅಳತೆ ನಿಲ್ಲಿಸಿ ಕಾರಣ ಹುಡುಕಬೇಕು. ಈ ಗೆರೆಗಳು ಸರಾಸರಿ 148 ಮತ್ತು ಅದಕ್ಕಿಂತ ಹೆಚ್ಚಿದ್ದಾಗ ಮಾತ್ರ; ಕಡಿಮೆ ಮಟ್ಟದಲ್ಲಿ ಎಣಿಕೆಯ ಏರುಪೇರು ಹೆಚ್ಚು, ಗೆರೆಗಳೂ ಸಡಿಲ.

ಎಲ್ಲಿ ಕೆಡುತ್ತದೆ? ಹೆಚ್ಚಾಗಿ ಅಂಚೆಯಲ್ಲಿ. ನಾವು ಅಳೆಯುವ ರೇಡಾನ್, ಅಂದರೆ ರೇಡಾನ್-222ರ ಅರ್ಧಾಯು 3.82 ದಿನ. ಇದ್ದಿಲು ಡಬ್ಬಿ ವಾರ ತಡವಾಗಿ ಲ್ಯಾಬ್ ತಲುಪಿದರೆ ಉಳಿದಿರುವುದು ಶೇ. 28 ಮಾತ್ರ. ಲ್ಯಾಬ್ ಕ್ಷಯಕ್ಕೆ ತಿದ್ದುಪಡಿ ಹಾಕುತ್ತದೆ ನಿಜ, ಆದರೆ ಎಣಿಕೆ ಕಡಿಮೆಯಾದಷ್ಟೂ ಅನಿಶ್ಚಿತತೆ ಊದಿಕೊಳ್ಳುತ್ತದೆ. ಇನ್ನೊಂದು ಕಾರಣ, ಮುಚ್ಚಿದ ಸಮಯವನ್ನು ತಪ್ಪಾಗಿ ಬರೆಯುವುದು. ಬೆಳಗ್ಗೆಯೋ ಸಂಜೆಯೋ ಅಂತ ಗುರುತು ಮಾಡದಿದ್ದರೆ 12 ಗಂಟೆಯ ತಪ್ಪು ಲೆಕ್ಕದೊಳಗೆ ಹೋಗಿಬಿಡುತ್ತದೆ.

ಹೊಸ_ಮಾಪಕ

ಬ್ಲ್ಯಾಂಕನ್ನು ಗುರುತು ಸಿಗದಂತೆ ಏಕೆ? ಲ್ಯಾಬ್ ನಮ್ಮ ಜೊತೆಗಾರರೇ ಅಲ್ಲವೇ?

ಲ್ಯಾಬ್_ಮೇಜು

ಲ್ಯಾಬ್ ಕೂಡ ಮನುಷ್ಯರದ್ದೇ. ಬ್ಲ್ಯಾಂಕ್ ಅಂತ ಗೊತ್ತಾದರೆ ಸೊನ್ನೆಯ ಹತ್ತಿರ ಬರಲಿ ಅಂತ ಕಣ್ಣು ಕಾಯುತ್ತದೆ. ಗೊತ್ತಿಲ್ಲದೆ ಬಂದ ಡಬ್ಬಿಯ ಫಲಿತಾಂಶಕ್ಕೇ ಬೆಲೆ. ಒಳ್ಳೆ ಲ್ಯಾಬ್ ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಣ್ಣೊತ್ತಡ

ರಿಪೇರಿ ಕಡೆಯ ನೀತಿ ಬಗ್ಗೆ ಯಾರೂ ಕೈ ಹಾಕಿಲ್ಲ, ನಾನು ಶುರು ಮಾಡುತ್ತೇನೆ.

ಮೊದಲನೆಯದು: ಪರೀಕ್ಷಿಸದೆ ದೊಡ್ಡ ಫ್ಯಾನ್ ಮಾರುವುದು. ನೆಲದ ಸ್ಲ್ಯಾಬಿನಡಿ ಒತ್ತಡ ಎಷ್ಟು ದೂರ ಹರಡುತ್ತದೆ ಅಂತ ನೋಡದೆ ಫ್ಯಾನ್ ಆರಿಸುವಂತಿಲ್ಲ. ಪೈಪು ಇಳಿಸಬೇಕೆಂದಿರುವ ಕಡೆ ಸುಮಾರು 40 ಮಿ.ಮೀ. ತೂತು ಕೊರೆದು ವ್ಯಾಕ್ಯೂಮ್ ಕ್ಲೀನರಿನ ಹೀರುವಿಕೆ ಕೊಡಿ. ಕೋಣೆಯ ದೂರದ ಮೂಲೆಗಳಲ್ಲಿ 10–12 ಮಿ.ಮೀ. ತೂತು ಕೊರೆದು ಮೈಕ್ರೊಮ್ಯಾನೋಮೀಟರಿನಲ್ಲಿ ಒತ್ತಡ ಓದಿ. ದೂರದ ಮೂಲೆಯಲ್ಲೂ ಒಂದೆರಡು ಪಾಸ್ಕಲ್ ಋಣ ಒತ್ತಡ ಸಿಕ್ಕರೆ ಒಂದೇ ಕಡೆಯ ಪೈಪು ಸಾಕು. ಸಿಗದಿದ್ದರೆ ಅಲ್ಲಿ ಮಣ್ಣು ಬಿಗಿಯೋ ಅಡಿಪಾಯದ ಗೋಡೆ ಅಡ್ಡವಿದೆಯೋ ನೋಡಿ, ಎರಡನೇ ಕಡೆ ಪೈಪು ಬೇಕು. ಸ್ಲ್ಯಾಬಿನಡಿ ಜಲ್ಲಿ ಇದ್ದರೆ ಗಾಳಿ ಹೆಚ್ಚು ಎಳೆಯುವ ಫ್ಯಾನ್. ಜೇಡಿಮಣ್ಣಿದ್ದರೆ ಒತ್ತಡ ಹೆಚ್ಚಿರುವ ಫ್ಯಾನ್. ಪೈಪಿನ ಬುಡದಲ್ಲಿ 20ರಿಂದ 40 ಲೀಟರಿನಷ್ಟು ಮಣ್ಣು ತೆಗೆದು ಗುಂಡಿ ಮಾಡಿದರೆ ಒತ್ತಡ ಇನ್ನಷ್ಟು ದೂರ ಹರಡುತ್ತದೆ. ಕಾಂಕ್ರೀಟ್ ಕೊರೆಯುವಾಗ ಸಿಲಿಕಾ ಧೂಳು ಏಳುತ್ತದೆ. ಮಾಸ್ಕ್ ಹಾಕಿ, ತೂತಿನ ಬಾಯಲ್ಲೇ ಧೂಳು ಹೀರಿಸಿ. ಮನೆಯ ಗಾಳಿ ಸರಿಮಾಡಲು ಹೋಗಿ ಮನೆ ತುಂಬ ಧೂಳು ಎಬ್ಬಿಸಿ ಬರಬಾರದು.

ಎರಡನೆಯದು: ಫ್ಯಾನಿನ ಜಾಗ. ಫ್ಯಾನಿನಿಂದ ಆಚೆ ಇರುವ ಪೈಪಿನಲ್ಲಿ ಒತ್ತಡ ಹೊರಮುಖ. ಅಲ್ಲಿ ಒಂದು ಕೀಲು ಸೋರಿದರೂ ಮಣ್ಣಿನಿಂದ ಎಳೆದ ರೇಡಾನನ್ನೆಲ್ಲ ಮನೆಯೊಳಗೆ ಸುರಿದಂತೆ. ಆದ್ದರಿಂದ ವಾಸದ ಜಾಗದೊಳಗೆ ಫ್ಯಾನ್ ಬೇಡ. ಪೈಪಿನ ಹೊರಬಾಯಿ ನೆಲದಿಂದ 3 ಮೀಟರಿಗಿಂತ ಮೇಲೆ, ಕಿಟಕಿಗಳಿಂದ ದೂರ.

ಮೂರನೆಯದು, ಜನ ಮರೆಯುವುದು: ಸ್ಲ್ಯಾಬಿನ ಬಿರುಕುಗಳಿಂದ ಮನೆಯ ಗಾಳಿಯನ್ನೂ ಫ್ಯಾನ್ ಎಳೆದುಕೊಂಡರೆ ಮನೆಯೊಳಗೇ ಋಣ ಒತ್ತಡವಾಗುತ್ತದೆ. ಗ್ಯಾಸ್ ಗೀಸರು, ಚಿಮಣಿ ಇರುವ ಒಲೆಯ ಹೊಗೆ ಹಿಂದಕ್ಕೆ ಬರಬಹುದು. ಆಗ ಕಾರ್ಬನ್ ಮೊನಾಕ್ಸೈಡ್. ರೇಡಾನ್ ಮೂವತ್ತು ವರ್ಷದಲ್ಲಿ ಮಾಡುವುದನ್ನು ಅದು ಒಂದೇ ರಾತ್ರಿಯಲ್ಲಿ ಮಾಡುತ್ತದೆ. ಫ್ಯಾನ್ ಚಾಲೂ ಮಾಡಿ, ಎಲ್ಲ ಎಕ್ಸಾಸ್ಟ್ ಫ್ಯಾನ್ ಹಾಕಿ, ಗೀಸರು ಹೊತ್ತಿಸಿ, ಹೊಗೆ ಮೇಲಕ್ಕೆ ಹೋಗುತ್ತಿದೆಯೇ ಅಂತ ನೋಡದೆ ಆ ಮನೆಯಿಂದ ಹೊರಡಬಾರದು.

ತೊಂಬತ್ತೊಂದು

ಒಂದು ತಿದ್ದುಪಡಿ. "ವಾಸದ ಜಾಗದೊಳಗೆ ಫ್ಯಾನ್ ಬೇಡ, ಬಾಯಿ ಮೇಲೆಯೇ ಇರಬೇಕು" ಎನ್ನುವುದು ಅಮೆರಿಕದ ನಿಯಮ. ಕೆನಡಾದಲ್ಲಿ ಫ್ಯಾನನ್ನು ನೆಲಮಾಳಿಗೆಯಲ್ಲೇ ಇಟ್ಟು ಪಕ್ಕದ ಗೋಡೆಯಿಂದ ಹೊರಬಿಡುವುದು ರೂಢಿಯಲ್ಲಿದೆ. ಅಲ್ಲಿನ ಚಳಿಗೆ ಹೊರಗಿನ ಉದ್ದ ಪೈಪಿನೊಳಗೆ ತೇವ ಹೆಪ್ಪುಗಟ್ಟಿ ದಾರಿ ಕಟ್ಟಿಬಿಡುತ್ತದೆ.

ಮಣ್ಣೊತ್ತಡ

ಅಲ್ಲಿಯೂ ಕೀಲು ಸೋರದಂಥ ಫ್ಯಾನೇ ಬೇಕು, ಸೋರಿಕೆ ಪರೀಕ್ಷೆ ಬೇಕು. ಸಂಹಿತೆಯಲ್ಲಿ "ಆಯಾ ಜಾಗದ ಜಾರಿಯಲ್ಲಿರುವ ಮಾನದಂಡ, ಅದರ ಆವೃತ್ತಿಯ ವರ್ಷ" ಎರಡನ್ನೂ ಬರೆಯಲೇಬೇಕು ಅಂತ ಹಾಕಿದರೆ ಈ ಗೊಂದಲ ಹೋಗುತ್ತದೆ.

ಕೆಂಪು_ಎಣ್ಣೆ

ಪೈಪಿನ ಮೇಲಿನ ಯು-ಟ್ಯೂಬ್ (ಬಣ್ಣದ ಎಣ್ಣೆ ತುಂಬಿದ U ಆಕಾರದ ಕೊಳವೆ) ಬಗ್ಗೆ ದಯವಿಟ್ಟು ಮನೆಯವರಿಗೆ ತಿಳಿಸಿ ಹೇಳಿ. ಅದು ತೋರಿಸುವುದು ಪೈಪಿನೊಳಗಿನ ಹೀರುವಿಕೆ, ರೇಡಾನ್ ಅಲ್ಲ. ಎಷ್ಟೋ ಜನ ಅದರಲ್ಲಿ 2 ಕಂಡರೆ ರೇಡಾನ್ 2ಕ್ಕೆ ಇಳಿದಿದೆ ಅಂದುಕೊಂಡಿರುತ್ತಾರೆ. ಮೊದಲ ದಿನದ ಓದನ್ನು ಪಕ್ಕದಲ್ಲೇ ಚೀಟಿ ಅಂಟಿಸಿ ಬರೆಯಿರಿ. ಎಣ್ಣೆ ಎರಡೂ ಕಡೆ ಸಮವಾದರೆ ಫ್ಯಾನ್ ನಿಂತಿದೆ. ಮೊದಲಿಗಿಂತ ಹೆಚ್ಚಾದರೆ ಪೈಪಿನ ಕೆಳಗೆ ನೀರೋ ಇನ್ನೇನೋ ಕಟ್ಟಿಕೊಂಡಿದೆ.

ಗಡಿ_ರೇಖೆ

ಇದರ ಜೊತೆಗೆ ಎರಡು ಮಾರಾಟಗಳನ್ನು ನಿಷೇಧಿಸಿ. ಒಂದು, ಬಿರುಕು ಮುಚ್ಚುವುದನ್ನೋ "ರೇಡಾನ್ ತಡೆ ಬಣ್ಣ"ವನ್ನೋ ಒಂಟಿ ಪರಿಹಾರ ಅಂತ ಮಾರುವುದು. ಬಿರುಕು ಮುಚ್ಚುವುದರಿಂದ ಫ್ಯಾನಿಗೆ ಸಹಾಯವಾಗುತ್ತದೆ, ಅದೊಂದರಿಂದಲೇ ಮಟ್ಟ ನಂಬುವಷ್ಟು ಇಳಿಯುವುದಿಲ್ಲ. ಎರಡು, ಏರ್ ಪ್ಯೂರಿಫೈಯರ್ ರೇಡಾನ್ ತೆಗೆಯುತ್ತದೆ ಎನ್ನುವುದು. ಪ್ಯೂರಿಫೈಯರಿನ ಹೆಪಾ ಫಿಲ್ಟರ್, ರೇಡಾನ್ ಕ್ಷಯಿಸಿ ಹುಟ್ಟಿ ಧೂಳಿಗೆ ಅಂಟಿದ ಪೊಲೋನಿಯಂ, ಸೀಸ, ಬಿಸ್ಮತ್ ಮರಿಗಳನ್ನು ಹಿಡಿಯುತ್ತದೆ. ರೇಡಾನ್ ಅನಿಲ ಹಾಗೇ ದಾಟಿ ಹೋಗುತ್ತದೆ. ಮಾಪಕದ ಸಂಖ್ಯೆ ಅಲುಗುವುದೂ ಇಲ್ಲ.

ತೇವದ_ಮೂಲ

ಬರೀ ರೇಡಾನ್ ಆಯಿತು. ಒಳಾಂಗಣ ಗಾಳಿ ಕೆಲಸದಲ್ಲಿ ಅದಕ್ಕಿಂತ ಹೆಚ್ಚು ಮೋಸ ಇದೆ, ಯಾಕೆಂದರೆ ಬೂಷ್ಟಿಗೆ ಇಷ್ಟು ಅಂತ ಅಧಿಕೃತ ಮಿತಿಯೇ ಇಲ್ಲ.

ಗೋಡೆಯ ಮೇಲೆ ಬೂಷ್ಟು ಕಣ್ಣಿಗೇ ಕಾಣುತ್ತಿದ್ದರೆ ಗಾಳಿಯ ಮಾದರಿ ತೆಗೆದು ದುಡ್ಡು ವಸೂಲಿ ಮಾಡುವುದು ಬೇಡ. ನೀರು ಎಲ್ಲಿಂದ ಬರುತ್ತಿದೆ ಅಂತ ಹುಡುಕಿ: ತೇವಮಾಪಕ, ಪೈಪು, ಛಾವಣಿ, ಕಿಟಕಿಯ ಅಂಚು. ನೀರು ಬಿದ್ದ 24–48 ಗಂಟೆಯೊಳಗೆ ಒಣಗಿಸಿದರೆ ಹೆಚ್ಚಿನ ಕಡೆ ಬೂಷ್ಟು ಹಿಡಿಯುವುದೇ ಇಲ್ಲ. 10 ಚದರ ಅಡಿಗಿಂತ ಕಡಿಮೆ ಜಾಗವಾದರೆ ಸಾಮಾನ್ಯವಾಗಿ ಮನೆಯವರೇ ತೆಗೆಯಬಹುದು ಅಂತ ಇಪಿಎ ಹೇಳುತ್ತದೆ. ಅಷ್ಟನ್ನು ಹೇಳಿ ಬರುವುದೇ ನ್ಯಾಯ.

ಮಾದರಿ ತೆಗೆಯಲೇಬೇಕಾದರೆ ಹೊರಗಿನ ಗಾಳಿಯದ್ದೂ ಅದೇ ಹೊತ್ತಿಗೆ ತೆಗೆಯಿರಿ. ನಿಮಿಷಕ್ಕೆ 15 ಲೀಟರಿನಂತೆ 5 ನಿಮಿಷ, ಒಟ್ಟು 75 ಲೀಟರ್ ಗಾಳಿ. ಅದು ಆ ಐದು ನಿಮಿಷದ ಗಾಳಿ ಮಾತ್ರ. ಯಾರೋ ಕಾರ್ಪೆಟ್ ಒದರಿದರೆ ಎಣಿಕೆ ಬೇರೆಯೇ. ಹೊರಗಿನ ಹೋಲಿಕೆ ಇಲ್ಲದೆ "ನಿಮ್ಮ ಮನೆಯಲ್ಲಿ ಇಷ್ಟು ಸಾವಿರ ಬೀಜಕಣ" ಅಂತ ವರದಿ ಕೊಡುವುದು ಹೆದರಿಸುವ ವ್ಯಾಪಾರ.

ಆಮೇಲೆ ಓಝೋನ್ ಯಂತ್ರ. ಆರೋಗ್ಯಕ್ಕೆ ಹಾನಿಯಾಗದ ಮಟ್ಟದಲ್ಲಿ ಓಝೋನ್ ಗಾಳಿಯನ್ನು ಶುದ್ಧ ಮಾಡುವುದಿಲ್ಲ. ಕೆಲಸ ಮಾಡುವಷ್ಟು ಮಟ್ಟಕ್ಕೆ ಏರಿಸಿದರೆ ಶ್ವಾಸಕೋಶ ಸುಡುತ್ತದೆ, ನಿಂಬೆ ವಾಸನೆಯ ಕ್ಲೀನರಿನ ಲಿಮೊನೀನ್ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಹುಟ್ಟಿಸುತ್ತದೆ. ಜನ ಇರುವ ಕೋಣೆಯಲ್ಲಿ ಇದನ್ನು ಇಡುವವರು ಈ ವೃತ್ತಿಯಲ್ಲಿ ಇರಬಾರದು.

ಬೇಸ್‌ಲೈನ್

ಕಾರ್ಬನ್ ಡೈಆಕ್ಸೈಡ್ ಮಾಪಕದ ಬಗ್ಗೆಯೂ ಒಂದು ಮಾತು. ಅಗ್ಗದ ಮಾಪಕಗಳಲ್ಲಿ ತಾನೇ ತಾನಾಗಿ ಕ್ಯಾಲಿಬ್ರೇಟ್ ಆಗುವ ವ್ಯವಸ್ಥೆ ಇರುತ್ತದೆ. ವಾರದಲ್ಲಿ ಕಂಡ ಅತಿ ಕಡಿಮೆ ಓದನ್ನೇ ಹೊರಗಿನ ಗಾಳಿ, ಅಂದರೆ 400 ಪಿಪಿಎಂ (ಹತ್ತು ಲಕ್ಷದಲ್ಲಿ 400 ಭಾಗ) ಅಂತ ಅಂದುಕೊಳ್ಳುತ್ತದೆ. ಆಸ್ಪತ್ರೆ ವಾರ್ಡಿನಂತೆ ಹಗಲೂ ರಾತ್ರಿ ಜನ ಇರುವ ಕೋಣೆಯಲ್ಲಿ ಮಟ್ಟ 600ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ. ಮಾಪಕ ಆ 600ನ್ನೇ 400 ಅಂತ ತಿದ್ದಿಕೊಳ್ಳುತ್ತದೆ, ಆಮೇಲೆ 1,200 ಇದ್ದರೂ 1,000 ತೋರಿಸುತ್ತದೆ. ಅಂಥ ಕಡೆ ಆ ವ್ಯವಸ್ಥೆಯನ್ನು ಆಫ್ ಮಾಡಿ, ಹೊರಗೆ ತಂದು ಕೈಯಾರೆ ಕ್ಯಾಲಿಬ್ರೇಟ್ ಮಾಡಿ, ದಿನಾಂಕವನ್ನು ವರದಿಯಲ್ಲಿ ಹಾಕಿ.

ಡೈಆಕ್ಸೈಡ್ ಕಡಿಮೆ ಇದ್ದರೆ "ಗಾಳಿ ಶುದ್ಧ" ಎನ್ನುವುದೂ ತಪ್ಪು. ಅದು ಜನಸಂಖ್ಯೆಗೆ ತಕ್ಕಷ್ಟು ಹೊರಗಾಳಿ ಬರುತ್ತಿದೆಯೇ ಅಂತ ಮಾತ್ರ ಹೇಳುತ್ತದೆ. ಫಾರ್ಮಾಲ್ಡಿಹೈಡ್, ಪಿಎಂ 2.5 (ಸೂಕ್ಷ್ಮ ಧೂಳು), ರೇಡಾನ್ ಯಾವುದರ ಸುದ್ದಿಯೂ ಅದರಲ್ಲಿಲ್ಲ.

ಕೀಲಿ_ಕೈ

ಬೇಸ್‌ಲೈನ್ ಹೇಳಿದ್ದರಿಂದ 4ನೇ ಪ್ರಶ್ನೆಗೆ ದಾರಿ ಸಿಕ್ಕಿತು. ನಿಮಿಷ ನಿಮಿಷದ ಡೈಆಕ್ಸೈಡ್ ದಾಖಲೆ ನೋಡಿದರೆ ಮನೆಯಲ್ಲಿ ಜನ ಯಾವಾಗ ಇರುತ್ತಾರೆ, ಯಾವಾಗ ಮಲಗುತ್ತಾರೆ, ಯಾವ ವಾರ ಊರಲ್ಲಿ ಇರಲಿಲ್ಲ ಎಲ್ಲ ಗೊತ್ತಾಗುತ್ತದೆ. ಗಾಳಿಯ ದಾಖಲೆ ಅಂತ ಹಗುರವಾಗಿ ನೋಡಬೇಡಿ. ಮಾಪಕವನ್ನು ಕ್ಲೌಡಿಗೆ ಜೋಡಿಸುವ ಮುಂಚೆ ಒಪ್ಪಿಗೆ ಪತ್ರ ಬೇಕು. ದಾಖಲೆ ಎಷ್ಟು ದಿನ ಇಡುತ್ತೀರಿ, ಯಾವಾಗ ಅಳಿಸುತ್ತೀರಿ ಅಂತ ಅದರಲ್ಲಿ ಇರಬೇಕು. ವಿಳಾಸದ ಸಮೇತ ನಕ್ಷೆಯಲ್ಲಿ ಹಾಕುವುದಂತೂ ಬೇಡ.

ವರದಿ ಯಾರಿಗೆ ಎನ್ನುವುದಕ್ಕೆ: ಒಪ್ಪಂದ ಮಾಡಿಕೊಂಡವರಿಗೆ. ಅವರ ಲಿಖಿತ ಒಪ್ಪಿಗೆ ಇಲ್ಲದೆ ಮೂರನೆಯವರಿಗೆ ಇಲ್ಲ.

ಆಲ್ಫಾ_ಜಾಡು

ಬಾಡಿಗೆದಾರರು? ಮಾಲೀಕರು ದುಡ್ಡು ಕೊಟ್ಟರು, 800 ಬಂತು, ಮಾಲೀಕರು ವರದಿ ಮಡಚಿಟ್ಟರು. ಕೆಳಗೆ ಮಕ್ಕಳು ಮಲಗುತ್ತಾರೆ. ಗೋಪ್ಯತೆ ಅಂತ ನಾವೂ ಸುಮ್ಮನಿರಬೇಕೇ? ಇದನ್ನು ಒಪ್ಪಲು ನನ್ನಿಂದ ಆಗದು.

ಕೀಲಿ_ಕೈ

ಸುಮ್ಮನಿರಬಾರದು. ಆದರೆ ಅದನ್ನು ಸರಿಪಡಿಸುವ ಜಾಗ ಒಪ್ಪಂದ. ಕೆಲಸ ಹಿಡಿಯುವ ಮುಂಚೆಯೇ ಬರೆಯಿರಿ: "ಪರೀಕ್ಷಿಸಿದ ಮನೆಯಲ್ಲಿ ವಾಸವಿರುವವರಿಗೆ ಆ ಮನೆಯ ಫಲಿತಾಂಶವನ್ನು ಮಾಲೀಕರೇ ತಿಳಿಸುತ್ತಾರೆ, ತಿಳಿಸಿದ್ದಕ್ಕೆ ಪುರಾವೆ ಇಷ್ಟು ದಿನದೊಳಗೆ ಬರದಿದ್ದರೆ ನಾವು ತಿಳಿಸುತ್ತೇವೆ." ಇದಕ್ಕೆ ಸಹಿ ಹಾಕದ ಮಾಲೀಕರ ಕೆಲಸ ಹಿಡಿಯಬೇಡಿ. ಕೆಲವು ಕಡೆ ಬಾಡಿಗೆದಾರರಿಗೆ ತಿಳಿಸುವುದನ್ನು ಕಾನೂನೇ ಕಡ್ಡಾಯ ಮಾಡಿದೆ, ಅಲ್ಲಿ ಇಷ್ಟು ಕಷ್ಟವೂ ಇಲ್ಲ.

ಕಾರ್ಬನ್ ಮೊನಾಕ್ಸೈಡಿನ ವಿಷಯ ಬೇರೆ. ಅಪಾಯದ ಮಟ್ಟ ಕಂಡರೆ ಒಪ್ಪಂದ, ಗೋಪ್ಯತೆ ಎಲ್ಲ ಆಮೇಲೆ. ಮೊದಲು ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ತುರ್ತು ಸೇವೆಗೆ ಕರೆ ಮಾಡಿ.

ಗಂಟೆ_ಗ್ರಾಫ್

ವಸತಿ ಸಮುಚ್ಚಯಗಳ ವಿಷಯ ಬಂತಲ್ಲ, ಒಂದು ಸೇರಿಸಿ. ನೆಲಕ್ಕೆ ತಾಗಿದ ಹತ್ತು ಮನೆಯಲ್ಲಿ ಎರಡನ್ನು ಅಳೆದು "ಕಟ್ಟಡ ಸರಿಯಿದೆ" ಅನ್ನುವಂತಿಲ್ಲ. ಅಕ್ಕಪಕ್ಕದ ಮನೆಗಳಲ್ಲೇ ಅಜಗಜಾಂತರ ಇರುತ್ತದೆ. ಒಂದರ ಕೆಳಗೆ ಪೈಪಿಗಾಗಿ ಬಿಟ್ಟ ಸಂದು, ಇನ್ನೊಂದರ ಕೆಳಗೆ ಗಟ್ಟಿ ಸ್ಲ್ಯಾಬ್. ನೆಲಕ್ಕೆ ತಾಗಿದ ಎಲ್ಲ ಮನೆಗಳು, ಜೊತೆಗೆ ಮೇಲಿನ ಪ್ರತಿ ಅಂತಸ್ತಿನ ಶೇ. 10. ಬಜೆಟ್ ಸಾಲದಿದ್ದರೆ ಹಂತ ಹಂತವಾಗಿ ಮಾಡಿ, ಅಳೆಯದ ಮನೆಗಳ ಪಟ್ಟಿಯನ್ನು ವರದಿಯ ಮೊದಲ ಪುಟದಲ್ಲೇ ಹಾಕಿ.

ಎಣಿಕೆ_ಖಾತೆ

ಸ್ವಲ್ಪ ದಾರಿ ತಪ್ಪುತ್ತಿದ್ದೇನೆ, ಪ್ರಮಾಣಪತ್ರಗಳ ಬಗ್ಗೆ. 1984ರ ಡಿಸೆಂಬರಿನಲ್ಲಿ ಪೆನ್ಸಿಲ್ವೇನಿಯಾದ ಲಿಮರಿಕ್ ಅಣುಸ್ಥಾವರದಲ್ಲಿ ಸ್ಟ್ಯಾನ್ಲಿ ವಾಟ್ರಸ್ ಎಂಬ ಎಂಜಿನಿಯರ್ ವಿಕಿರಣ ತಪಾಸಣೆಯ ಅಲಾರ್ಮ್ ಹೊಡೆಸಿದ್ದರು. ಸ್ಥಾವರ ಇನ್ನೂ ವಿದ್ಯುತ್ ಉತ್ಪಾದನೆ ಶುರು ಮಾಡಿರಲಿಲ್ಲ, ವಿಕಿರಣ ಬಂದದ್ದು ಅವರ ಮನೆಯಿಂದ. ಅಲ್ಲಿ ಲೀಟರಿಗೆ ಸುಮಾರು 2,700 ಪಿಕೋಕ್ಯೂರಿ, ಅಂದರೆ ಘನ ಮೀಟರಿಗೆ ಹತ್ತಿರಹತ್ತಿರ ಒಂದು ಲಕ್ಷ ಬೆಕೆರೆಲ್. ಮನೆ ರೇಡಾನ್ ಸಾರ್ವಜನಿಕ ವಿಷಯವಾದದ್ದು ಆಗ. ಇಪಿಎ ಅಳೆಯುವವರ ಸಾಮರ್ಥ್ಯ ಪರೀಕ್ಷಿಸುವ ಕಾರ್ಯಕ್ರಮ ನಡೆಸಿ 1998ರಲ್ಲಿ ಅದನ್ನು ಕೈಬಿಟ್ಟಿತು. ಈಗ ಅಲ್ಲಿ ಖಾಸಗಿ ಮಂಡಳಿಗಳೂ ಕೆಲವು ರಾಜ್ಯಗಳೂ ಪ್ರಮಾಣಪತ್ರ ಕೊಡುತ್ತವೆ. ಹಾಗಾಗಿ "ಇಪಿಎ ಪ್ರಮಾಣಿತ" ಅಂತ ಈಗಲೂ ಯಾರಾದರೂ ಕಾರ್ಡಿನಲ್ಲಿ ಹಾಕಿಕೊಂಡಿದ್ದರೆ ಕೇಳಿ: ಯಾವ ವರ್ಷದ್ದು, ಯಾರು ಕೊಟ್ಟದ್ದು?

ಹೊಸ_ಮಾಪಕ

ತುಂಬ ಉಪಯೋಗವಾಯಿತು. ಒಂದು ಸಂಶಯ: ತಂಡದಲ್ಲಿ ಒಬ್ಬರಿಗೆ ಮಾತ್ರ ಪ್ರಮಾಣಪತ್ರ ಇದ್ದು ಉಳಿದವರು ಡಿಟೆಕ್ಟರ್ ಇಟ್ಟು ಬಂದರೆ, ಪ್ರಮಾಣಪತ್ರ ಇರುವವರು ವರದಿಗೆ ಸಹಿ ಹಾಕಬಹುದೇ?

ಲ್ಯಾಬ್_ಮೇಜು

ಸಹಿ ಹಾಕುವವರು ಇಟ್ಟವರ ಹೆಸರು, ಇಟ್ಟ ಸಮಯ, ಫೋಟೊ, ಮೂಲ ದತ್ತಾಂಶ ಇಷ್ಟನ್ನೂ ಸ್ವತಃ ನೋಡಿರಬೇಕು, ಇಟ್ಟವರಿಗೆ ತರಬೇತಿ ಕೊಟ್ಟ ದಾಖಲೆ ಇರಬೇಕು. ವರದಿಯಲ್ಲಿ ಇಬ್ಬರ ಹೆಸರೂ ಬರಬೇಕು. ಖಾಲಿ ವರದಿಗಳಿಗೆ ಮೊದಲೇ ಸಹಿ ಹಾಕಿಟ್ಟುಕೊಳ್ಳುವ ಅಭ್ಯಾಸ ಕಂಡರೆ ಅಂಥವರ ಜೊತೆ ಕೆಲಸ ಬಿಡಿ.

ಒಳಗಾಳಿ

ಎಲ್ಲರಿಗೂ ಧನ್ಯವಾದ. 1ನೇ ಕಲಮನ್ನು ಲ್ಯಾಬ್_ಮೇಜು ಹೇಳಿದ ಹಾಗೆ, 3ನ್ನು ಗಡಿ_ರೇಖೆ ಹೇಳಿದ ಹಾಗೆ ತಿದ್ದುತ್ತಿದ್ದೇವೆ. ಬಾಡಿಗೆದಾರರ ಕಲಮಿಗೆ ವಕೀಲರ ಸಲಹೆ ಕೇಳುತ್ತೇವೆ. ಇನ್ನೊಂದು ಉಳಿಯಿತು: ರಿಪೇರಿ ಮುಗಿದ ಮೇಲಿನ ಪರೀಕ್ಷೆ ಯಾವಾಗ, ಎಲ್ಲಿ?

ಮಣ್ಣೊತ್ತಡ

ಫ್ಯಾನ್ ಕನಿಷ್ಠ 24 ಗಂಟೆ ಓಡಿದ ಮೇಲೆ, 30 ದಿನದೊಳಗೆ. ಮೊದಲು ಅಳೆದ ಜಾಗದಲ್ಲೇ, ಅದೇ ಮುಚ್ಚಿದ ಮನೆಯ ಷರತ್ತಿನಲ್ಲಿ, ಸಾಧ್ಯವಾದರೆ ಅದೇ ಬಗೆಯ ಡಿಟೆಕ್ಟರಿನಲ್ಲಿ. ಆಮೇಲೆ ಎರಡು ವರ್ಷಕ್ಕೊಮ್ಮೆ.

ಪೈಪು_ಫ್ಯಾನು

ಜೊತೆಗೆ ಮನೆಯ ಅಡಿಪಾಯ, ಕಿಟಕಿ, ಎಸಿ ಯಾವುದನ್ನು ಬದಲಾಯಿಸಿದರೂ ಎರಡು ವರ್ಷ ಕಾಯದೆ ಮತ್ತೆ ಅಳೆಯಬೇಕು. ಇದನ್ನು ಫ್ಯಾನಿನ ಪಕ್ಕದ ಚೀಟಿಯಲ್ಲೇ ಬರೆದು ಅಂಟಿಸಿ. ವರದಿ ಫೈಲಿಗೆ ಹೋಗುತ್ತದೆ, ಮನೆ ಕೊಂಡ ಹೊಸಬರಿಗೆ ಕಾಣುವುದು ಚೀಟಿ.